ಜಗ್ಗಿದ ಅಂಗಳ ಮತ್ತೆ ಜಗ್ಗದ ಹಾಗೆ: ನನ್ನ ಅನುಭವ

ಶಿರಸಿ ಕಡೆಯ ಒಂದು ಅಡಿಕೆ ಒಣಗಿಸುವ ಕಾಂಕ್ರೀಟ್ ಅಂಗಳ. ಜಗ್ಗಿದ ಸ್ಲ್ಯಾಬಿಗೆ ತೂತು ಹಾಕಿ, ಅಡಿಗೆ ಕೈಪಂಪಿನಲ್ಲಿ ಗ್ರೌಟು (ಸಿಮೆಂಟು ಬೆರೆಸಿದ, ಹರಿಯುವ ಗಾರೆ) ತುಂಬಿ ಎತ್ತಿ ಕೂರಿಸಿದ ಮೇಲೆ ನಾಲ್ಕು ಮಳೆಗಾಲ ಕಂಡಿದೆ, ಮಟ್ಟ ಬಿಟ್ಟಿಲ್ಲ. "ಒಂದು ಆರಿದ್ರಾ ಮಳೆ ತಡೆದರೆ ಹೇಳು" ಅಂದಿದ್ದ ಗವಂಡಿಗಳೇ ಈಗ ಫೋನ್ ಮಾಡಿ ಗ್ರೌಟಿನ ಪ್ರಮಾಣ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೆ ಬೇರೆ ಬೇರೆ ಹೇಳುವ ಬದಲು ಒಮ್ಮೆ ಬರೆದುಬಿಡೋಣ ಅನ್ನಿಸಿತು.

ನಾನು ಹೋಗುವ ಮುಂಚೆ ಆ ಅಂಗಳಕ್ಕೆ ಎಲ್ಲ ಉಪಚಾರವೂ ಆಗಿತ್ತು. ಮೊದಲು ತಗ್ಗಿನ ಮೇಲೆ ಗಾರೆ ಹಾಕಿ ಮಟ್ಟ ಮಾಡಿದ್ದರು. ಅಂಚು ತೆಳುವಾದಲ್ಲೆಲ್ಲ ಒಂದೇ ಬೇಸಿಗೆಗೆ ಸಿಪ್ಪೆ ಎದ್ದಿತ್ತು. ಮೇಲೆ ಬಿದ್ದ ಭಾರಕ್ಕೆ ಸ್ಲ್ಯಾಬು ಇನ್ನೂ ಇಳಿದಿತ್ತು. ಆಮೇಲೆ ಒಂದು ಮೂಲೆ ಒಡೆದು, ಕಬ್ಬಿಣದ ಜಾಲಿ ಕಟ್ಟಿ, ಆರು ಇಂಚು ಕಾಂಕ್ರೀಟು ಹಾಕಿಸಿದರು. ಅದಕ್ಕೆ ಸುಮಾರು 40 ಸಾವಿರ ಹೋಯಿತು. ಎರಡನೇ ಮಳೆಗಾಲಕ್ಕೆ ಅದೂ ಓರೆಯಾಯಿತು. ಕಾಂಕ್ರೀಟಿಗೆ ಏನೂ ಆಗಿರಲಿಲ್ಲ, ಒಂದು ಬಿರುಕೂ ಇಲ್ಲ. ಕೆಳಗೆ ಮಣ್ಣೇ ಇರಲಿಲ್ಲ.

ಜಾಗ ನಮ್ಮ ಕಡೆ ಎಲ್ಲ ಇರುವಂಥದ್ದೇ. ಹಿಂಬದಿಯ ಧರೆ (ಗುಡ್ಡದ ಇಳಿಜಾರು) ಕಡಿದು ಆ ಮಣ್ಣನ್ನೇ ಮುಂದೆ ತುಂಬಿ, ಚಿರೆಕಲ್ಲಿನ ಪಾಗಾರ (ಮಣ್ಣು ತಡೆಯುವ ಗೋಡೆ) ಕಟ್ಟಿದ್ದಾರೆ. ತುಂಬಿದ್ದರಲ್ಲಿ ಅರ್ಧ ಶೇಡಿ ಮಣ್ಣು, ಅಂದರೆ ಬಿಳಿಯ ನುಣುಪು ಮಣ್ಣು. ಒಣಗಿದ್ದಾಗ ಗುದ್ದಲಿ ನಾಟುವುದಿಲ್ಲ, ನೀರು ಹರಿಯಲು ಶುರುವಾದರೆ ಅದೇ ದಾರಿಯಲ್ಲಿ ಕರಗಿ ಹೊರಟುಹೋಗುತ್ತದೆ. ಎಲ್ಲಿಂದ ಹೋಗುತ್ತಿದೆ ಎಂದು ನೋಡಲು ಎರಡು ಬಕೆಟ್ ಕಾವಿ ನೀರು ಕಲಸಿ, ಸೂರಿನ ನೀರು ಬೀಳುವ ಕಡೆ ಬಿರುಕಿಗೆ ಹೊಯ್ದೆ. ಅರ್ಧ ತಾಸಿನ ಒಳಗೆ ಕೆಳಗಿನ ಪಾಗಾರದ ನೀರುಗಂಡಿಯಿಂದ ಕೆಂಪಗೆ ಬಂತು, ಜೊತೆಗೆ ಬಿಳಿ ಮಣ್ಣೂ ಬಂತು. ಪಾಗಾರ ಕಟ್ಟಿದವರು ಗಂಡಿ ಬಿಟ್ಟಿದ್ದು ಸರಿ, ಅದರ ಹಿಂದೆ ಜಲ್ಲಿ ಹಾಕಿರಲಿಲ್ಲ. ನೀರಿನ ಜೊತೆ ಅಂಗಳವೂ ವರ್ಷ ವರ್ಷ ಹೊರಗೆ ಹೋಗುತ್ತಿತ್ತು. ಗಂಡಿ ಮುಚ್ಚೋಣ ಅಂದರು ಯಜಮಾನರು. ಮುಚ್ಚಿದರೆ ಒಳಗೆ ನೀರು ನಿಂತು ಪಾಗಾರವೇ ಉರುಳುತ್ತದೆ ಎಂದು ಬಿಡಿಸಿ ಹೇಳಬೇಕಾಯಿತು.

ಹಾಗಾಗಿ ಪಂಪು ಇಳಿಸುವ ಮೊದಲು ನೀರಿನ ಕೆಲಸ ಮಾಡಿದೆ. ದಿನಕ್ಕೆ 100 ಮಿಮೀ ಮಳೆ ನಮ್ಮಲ್ಲಿ ದೊಡ್ಡ ಮಾತಲ್ಲ. ಅಷ್ಟು ಬಿದ್ದರೆ 1000 ಚದರಡಿ ಮಾಡಿನಿಂದ 9000 ಲೀಟರಿಗೂ ಮೇಲೆ ನೀರು ಇಳಿಯುತ್ತದೆ. ಅದೆಲ್ಲ ಅಂಗಳದ ಸಂದಿಗೇ ಬೀಳುತ್ತಿತ್ತು. ಸೂರಿಗೆ ದೋಣಿ ಕಟ್ಟಿ ನಾಲ್ಕಿಂಚು ಪೈಪಿನಲ್ಲಿ ತೋಟದ ಕಪ್ಪಿಗೆ (ಬಸಿಗಾಲುವೆಗೆ) ಬಿಟ್ಟೆ. ಧರೆಯ ಬುಡದಲ್ಲಿ ಎರಡಡಿ ಆಳದ ಗಟಾರ. ಪಾಗಾರದ ಹಿಂದೆ ಗಂಡಿಗಳ ಮಟ್ಟದ ತನಕ ಸ್ವಲ್ಪ ಸ್ವಲ್ಪವೇ ಅಗೆದು, ಜಿಯೋ ಬಟ್ಟೆ (ನೀರು ಬಿಟ್ಟು ಮಣ್ಣು ತಡೆಯುವ ಬಟ್ಟೆ) ಹಾಸಿ ಜಲ್ಲಿ ತುಂಬಿದೆ. ಅಂಗಳ ಎತ್ತಲು ಕರೆದರೆ ಗಟಾರ ತೋಡುತ್ತಾನೆ ಎಂದು ಊರಲ್ಲಿ ಮಾತಾಯಿತು. ಒಟ್ಟು ಖರ್ಚು 62-65 ಸಾವಿರ ಇರಬೇಕು, ಅರ್ಧಕ್ಕಿಂತ ಹೆಚ್ಚು ಇದಕ್ಕೇ ಹೋಯಿತು. ಜಗ್ಗಿದ ಭಾಗ ಸುಮಾರು 700 ಚದರಡಿ. ಪೂರ್ತಿ ಒಡೆದು ಹೊಸದು ಮಾಡಲು ಅವರಿಗೆ ಬಂದಿದ್ದ ಲೆಕ್ಕ ಒಂದು ಲಕ್ಷ ದಾಟಿತ್ತು, ಅದರಲ್ಲಿ ಗಟಾರದ ಸುದ್ದಿಯೇ ಇರಲಿಲ್ಲ.

ಎತ್ತುವ ವಿಷಯ. ಕೈಪಂಪಿನಲ್ಲಿ ಏಳುವುದೇ ಇಲ್ಲ ಎಂದು ವಾದಿಸಿದವರು ಒಮ್ಮೆ ಲೆಕ್ಕ ಹಾಕಿ ನೋಡಲಿ. ನಾಲ್ಕಿಂಚಿನ ಸ್ಲ್ಯಾಬು ಚದರಡಿಗೆ 22-23 ಕೆಜಿ. ಹತ್ತಡಿ ಚೌಕದ ಒಂದು ತುಂಡು ಎರಡು ಟನ್ನಿನ ಮೇಲಾದರೂ, ಅಡಿಯಲ್ಲೆಲ್ಲ ಗ್ರೌಟು ಹರಡಿದರೆ ಬೇಕಾಗುವ ಒತ್ತಡ ಸೈಕಲ್ ಟ್ಯೂಬಿನ ಗಾಳಿಗಿಂತ ಎಷ್ಟೋ ಕಡಿಮೆ. ಅಂಚು ಹಿಡಿದುಕೊಂಡಿರುವುದೇ ತೊಂದರೆ. ಜಗಲಿಯ ಬುಡದಿಂದಲೂ ಪಕ್ಕದ ತುಂಡಿನಿಂದಲೂ ಕಟರ್ ಹಾಕಿ ಬಿಡಿಸಿಕೊಂಡ ಮೇಲೆಯೇ ಪಂಪು ಮುಟ್ಟಬೇಕು.

ತೂತು ಒಂದೂವರೆ ಇಂಚು, ಮೂರು ಮೂರೂವರೆ ಅಡಿಗೊಂದು, ಅಂಚಿನಿಂದ ಒಂದಡಿ ಒಳಗೆ. ಮಿಶ್ರಣಕ್ಕೆ ಚಿರೆಕಲ್ಲು ಕೊಯ್ಯುವಾಗ ಬೀಳುವ ಪುಡಿಯನ್ನು ಜರಡಿ ಹಿಡಿದು ಐದು ಪಾಲು, ಸಿಮೆಂಟು ಒಂದು, ಹಾರುಬೂದಿ ಒಂದು. ಮೊದಲ ದಿನ ತೆಳ್ಳಗೆ ಮಾಡಿ ಪೊಳ್ಳು ಮಾತ್ರ ತುಂಬಿಸಬೇಕು, ಎತ್ತಲು ಹೋಗಬಾರದು. ಮರುದಿನದ ಗ್ರೌಟು ಮುಷ್ಟಿ ಹಿಡಿದರೆ ಬೆರಳ ಸಂದಿಯಿಂದ ನಿಧಾನ ಇಳಿಯುವಷ್ಟು ದಪ್ಪ ಇರಬೇಕು. ಒಂದು ತೂತಿಗೆ ಒಂದು ಸಲಕ್ಕೆ ಮೂರು ನಾಲ್ಕು ಮಿಮೀ ಎದ್ದರೆ ಸಾಕು, ಮುಂದಿನ ತೂತಿಗೆ ಹೋಗಬೇಕು. ದಾರ ಕಟ್ಟಿ ನೀರಿನ ಟ್ಯೂಬಿನಲ್ಲಿ ಮಟ್ಟ ನೋಡುತ್ತ, ಕಿವಿ ಸ್ಲ್ಯಾಬಿನ ಮೇಲೇ ಇರಬೇಕು. ಟಕ್ ಅಂದರೆ ಪಂಪಿನ ಹಿಡಿ ಬಿಟ್ಟುಬಿಡಿ. ಗ್ರೌಟಿನಿಂದ ನೀರು ಬೇರೆಯಾಗದ ಹಾಗೆ ನಾನೊಂದು ವಸ್ತು ಸೇರಿಸುತ್ತೇನೆ, ಕಿರಾಣಿ ಅಂಗಡಿಯಲ್ಲೇ ಸಿಗುತ್ತದೆ. ಅದರ ಹೆಸರು, ಮತ್ತೆ ಕೊನೆಯ ಕಾಲು ಇಂಚು ಎತ್ತುವ ಕ್ರಮ, ನನ್ನ ಹತ್ತಿರವೇ ಇರಲಿ.

ನೈಋತ್ಯ ಮೂಲೆಯಲ್ಲಿ ಆರೇಳು ಚೀಲದ ಗ್ರೌಟು ಹೋದರೂ ಸ್ಲ್ಯಾಬು ಕೂದಲೆಳೆಯಷ್ಟೂ ಏಳಲಿಲ್ಲ. ಹುಡುಕಿದರೆ ಹೆಗ್ಗಣದ ಬಿಲ ಹಿಡಿದು ಕೆಳಗಿನ ಅಡಿಕೆ ಮರದ ಬುಡಕ್ಕೆ ಬಂದು ನಿಂತಿತ್ತು. ಬಿಲದ ಬಾಯಿಗೆ ಗೋಣಿ ತುರುಕಿ, ದಪ್ಪ ಮಿಶ್ರಣ ಬಿಟ್ಟು ಒಂದು ರಾತ್ರಿ ಕಾದ ಮೇಲೆ ಆ ಮೂಲೆ ಎದ್ದಿತು.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಅಕ್ಕಿ ಮಿಲ್ಲಿನ ಉಮಿ ಬೂದಿ ಪುಕ್ಕಟೆ ಸಿಗುತ್ತದೆ, ಆದರೆ ನೀರೆಲ್ಲ ಹೀರಿಕೊಂಡು ಪಂಪು ಕಟ್ಟಿಹೋಗುತ್ತದೆ. ಹುತ್ತದ ಮಣ್ಣು ಚೆನ್ನಾಗಿ ಹರಿಯುತ್ತದೆ, ಒಣಗಿದಾಗ ಕುಗ್ಗಿ ಮತ್ತೆ ಪೊಳ್ಳು ಬಿಡುತ್ತದೆ. ಸುಣ್ಣ ಮತ್ತು ಕೆಂಪು ಮಣ್ಣಿನ ಉಂಡೆ ಮಾಡಿ ಬಕೆಟ್ ನೀರಲ್ಲಿ ವಾರಗಟ್ಟಲೆ ಇಟ್ಟಿದ್ದೆ, ಕರಗಲೇ ಇಲ್ಲ. ಗಟ್ಟಿಯಾಗಲು ಬಹಳ ದಿನ ಬೇಕು, ಆದರೂ ಅವಸರವಿಲ್ಲದ ಕಡೆ ಅದನ್ನು ಹಾಕಿ ನೋಡುವ ಆಸೆ ಇದೆ.

ಕುಮಟಾ, ಹೊನ್ನಾವರದ ಕಡೆ ಗದ್ದೆ ತುಂಬಿದ ಜಾಗದಲ್ಲಿ ಈ ಕೆಲಸ ನಾನು ಒಪ್ಪುವುದಿಲ್ಲ. ಕೆಳಗೆ ಮೆತ್ತನೆ ಕೆಸರು, ಗ್ರೌಟಿನ ಭಾರಕ್ಕೇ ಮತ್ತೆ ಇಳಿಯುತ್ತದೆ. ಅಲ್ಲಿಗೆ ಗ್ರೌಟಿನ ಬದಲು ಅಡಿಗೆ ತುಂಬುವ ಹಗುರವಾದ ಫೋಮೇ ಸರಿ. ಅದನ್ನು ಮಾಡಲು ಬೆಂಗಳೂರಿನಿಂದ ಬರುವವರ ದರ ನನ್ನದರ ನಾಲ್ಕು ಪಟ್ಟು ಇದೆ, ಹಾಗಾಗಿ ನಾನು ಇಂಟರ್‌ಲಾಕ್ ಕಲ್ಲು ಹಾಕಿಸಿ ಅನ್ನುತ್ತೇನೆ. ಕೂತರೆ ಎತ್ತಿ ಮತ್ತೆ ಜೋಡಿಸಬಹುದು. ಮತ್ತೆ, ಹೊಳೆಬಾಯಿಯ ಉಪ್ಪು ಹೊಯ್ಗೆಯನ್ನು (ಮರಳನ್ನು) ಯಾವ ತೇಪೆಗೂ ತರಬೇಡಿ. ಒಳಗೆ ಕಬ್ಬಿಣ ಇದ್ದರೆ ತುಕ್ಕು ಹಿಡಿದು ಕಾಂಕ್ರೀಟನ್ನೇ ಒಡೆಯುತ್ತದೆ.

ಕೊನೆಗೆ ಸಂದಿ. ಸಿಮೆಂಟು ತುಂಬಿದರೆ ಬಿಸಿಲಿಗೆ ಸೀಳುತ್ತದೆ. ಡಾಂಬರು ಹಾಕಿದರೆ ಕರಗಿ ಒಣಗಲು ಹರಡಿದ ಅಡಿಕೆಗೆ ಅಂಟುತ್ತದೆ, ಕಲೆಯಾದ ಚಾಲಿಗೆ (ಒಣಗಿಸಿ ಸುಲಿದ ಅಡಿಕೆಗೆ) ಮಂಡಿಯಲ್ಲಿ ದರ ಸಿಗುವುದಿಲ್ಲ. ಫೋಮಿನ ಹಗ್ಗ ತುರುಕಿ ಮೇಲೆ ಪಿಯು (ಪಾಲಿಯುರೆಥೇನ್) ಸೀಲೆಂಟ್, ಅಂದರೆ ರಬ್ಬರಿನಂತೆ ಹಿಗ್ಗುವ ಅಂಟು, ಎಳೆಯಬೇಕು. ಆಗ ಒಂದು ಪೊಟ್ಟಣ 400 ರೂಪಾಯಿ ಆಸುಪಾಸು ಇತ್ತು, ಆ ಅಂಗಳಕ್ಕೆ ಹತ್ತು ಹನ್ನೆರಡು ಹಿಡಿದವು. ಕಳೆದ ವರ್ಷ ಎರಡು ಕಡೆ ಅಂಚು ಬಿಟ್ಟಿತ್ತು. ಯಜಮಾನರೇ ಹಳೆಯದನ್ನು ಕೆರೆದು, ಮಳೆ ಹಿಡಿಯುವ ಮೊದಲು ಹೊಸದು ಹಾಕಿಕೊಂಡರು.