ಮುಂಬೈಗೆ ಹೊಸ್ದಾಗಿ ಬಂದಿದ್ದೀರಾ? ಗ್ರೂಪಿಗೂ ಸೇರಿ, ಮಾಟುಂಗಕ್ಕೂ ಬನ್ನಿ

ಈಗ ಊರಿಂದ ಬರೋರು ಟ್ರೈನ್ ಹತ್ತೋಕೆ ಮುಂಚೆನೇ ಯಾವುದಾದ್ರೂ ಕನ್ನಡ ವಾಟ್ಸಾಪ್ ಗ್ರೂಪಿಗೆ ಸೇರ್ಕೊಂಡಿರ್ತಾರೆ, ನವಿ ಮುಂಬೈನ ಐರೋಲಿಲಿ ಆಫೀಸು, ಎಲ್ಲಿ ಪಿಜಿ ಹುಡುಕ್ಲಿ ಅಂತ ಕೇಳಿದ್ರೆ ಸ್ವಲ್ಪ ಹೊತ್ತಲ್ಲೇ ಉತ್ತರನೂ ಬರುತ್ತೆ. ಒಳ್ಳೇದೇ, ಬಿಡಬೇಡಿ. ಒಂದು ಮಾತ್ರ ನೆನಪಿರ್ಲಿ, ಗ್ರೂಪಲ್ಲಿ ಯಾರೋ ಫ್ಲ್ಯಾಟ್ ಫೋಟೋ ಹಾಕಿ ಟೋಕನ್ (ಮುಂಗಡ ದುಡ್ಡು) ಕಳಿಸಿ ಇಲ್ಲಾಂದ್ರೆ ಬೇರೆಯವ್ರಿಗೆ ಹೋಗುತ್ತೆ ಅಂದ್ರೆ ಕನ್ನಡದಲ್ಲಿ ಮಾತಾಡಿದ್ರು ಅಂತ ನಂಬಿ ದುಡ್ಡು ಹಾಕ್ಬೇಡಿ, ಹೋಗಿ ಮನೆ ನೋಡಿ, ಓನರ್ ಹತ್ರ ಮಾತಾಡಿ, ಅಗ್ರಿಮೆಂಟ್ ರಿಜಿಸ್ಟರ್ ಮಾಡ್ಸಿ ಒಂದು ಕಾಪಿ ಇಟ್ಕೊಳ್ಳಿ.

ನಾನು ಹೇಳಬೇಕಂತಿರೋದು ಆಮೇಲಿನ ವಿಷಯ, ಅಂದ್ರೆ ಮಾಟುಂಗದಂಥ ಕಡೆ ಇರೋ ಕನ್ನಡ ಸಂಘಗಳಿಗೆ ನೇರ ಹೋಗೋದು. ಮೊದ್ಲು ಇಲ್ಲಿಗೆ ಬಂದ ನಮ್ಮ ಜನಕ್ಕೆ ಸಂಘ ಅಂದ್ರೆ ಭಾನುವಾರ ಟೈಮ್ ಪಾಸ್ ಮಾಡೋ ಜಾಗ ಆಗಿರ್ಲಿಲ್ಲ. ಕರಾವಳಿಯ ಮೊಗವೀರ ಸಮಾಜದವ್ರ ಮೊಗವೀರ ವ್ಯವಸ್ಥಾಪಕ ಮಂಡಳಿ ಶುರುವಾಗಿದ್ದು 1902ರಲ್ಲಿ, ಮಾಟುಂಗದ ಮೈಸೂರು ಅಸೋಸಿಯೇಷನ್ 1926ರಲ್ಲಿ. ಕರಾವಳಿಯಿಂದ ಚಿಕ್ಕ ವಯಸ್ಸಲ್ಲೇ ಬಂದ ಹುಡುಗ್ರು ಹಗಲು ಹೋಟ್ಲಲ್ಲಿ ಟೇಬಲ್ ಒರೆಸಿ, ರಾತ್ರಿ ಕನ್ನಡ ರಾತ್ರಿಶಾಲೆಗೆ ಹೋಗಿ ಎಸ್ಸೆಸ್ಸಿ (ನಮ್ಮೂರ ಎಸ್ಸೆಸ್ಸೆಲ್ಸಿ ಥರದ್ದು) ಪಾಸ್ ಮಾಡ್ಕೊಂಡು ಬ್ಯಾಂಕಿಗೋ ಆಫೀಸಿಗೋ ಸೇರಿದ್ದು ಹೀಗೇ ಮಾರಾಯ್ರೆ. ಆ ಶಾಲೆ ನಡೆಸಿದ್ದು, ಪುಸ್ತಕ ಕೊಡಿಸಿದ್ದು, ಫೀಸ್ ಕಟ್ಟಿದ್ದು ಇಂಥ ಸಂಘಗಳಲ್ಲಿ ಒಬ್ಬರನ್ನೊಬ್ಬರು ಮುಖ ನೋಡಿ ಬಲ್ಲ ಜನ.

2020ರ ಮಾರ್ಚಲ್ಲಿ ಲಾಕ್‌ಡೌನ್ ಬಂತು, ಸಂಘಗಳ ಸಭಾಂಗಣಗಳಿಗೆ ಬೀಗ ಬಿತ್ತು. ಆಗ ಆನ್‌ಲೈನ್ ಇಲ್ದಿದ್ರೆ ನಾವೆಲ್ಲ ಚೂರಾಗ್ತಿದ್ವಿ, ಕವಿಗೋಷ್ಠಿ ಜೂಮಲ್ಲಿ, ಭಜನೆ ಜೂಮಲ್ಲಿ, ಡೊಂಬಿವಲಿಯ ಎಪ್ಪತ್ತು ದಾಟಿದ ಅಜ್ಜಿಯರೂ ಮೊಮ್ಮಕ್ಕಳ ಕೈಲಿ ಅನ್‌ಮ್ಯೂಟ್ ಮಾಡೋದು ಕಲಿತ್ರು. ಬೀಗ ತೆಗೆದ್ಮೇಲೂ ಆ ಅಭ್ಯಾಸ ಹೋಗ್ಲಿಲ್ಲ. ದೂರದ ವಿರಾರಲ್ಲಿ ಇರೋರಿಗೆ, ಮಂಡಿನೋವಿನವ್ರಿಗೆ ಯೂಟ್ಯೂಬ್ ಲೈವ್ ನಿಜವಾಗ್ಲೂ ಉಪಕಾರ. ಆದ್ರೆ ಹತ್ರದಲ್ಲೇ ಇರೋರೂ ಮನೇಲೇ ಕೂತು ನೋಡೋಕೆ ಶುರು ಮಾಡಿದ್ರೆ ಸಭಾಂಗಣದಲ್ಲಿ ಮುಂದಿನ ಸಾಲು ಮಾತ್ರ ತುಂಬುತ್ತೆ. ತಾಳಮದ್ದಳೆಯಂಥದ್ರಲ್ಲಿ (ವೇಷ, ಕುಣಿತ ಇಲ್ದೆ ಕೂತು ಮಾತಲ್ಲೇ ನಡೆಸೋ ಯಕ್ಷಗಾನ) ಪಾತ್ರದ ಮಾತಾಡೋ ಅರ್ಥಧಾರಿಯ ಮಾತು ಬೆಳೆಯೋದೇ ಎದುರು ಕೂತೋರು ತಲೆದೂಗೋದ್ರಿಂದ, ಅದು ಲೈವ್ ಕೆಳಗಿನ ಕಮೆಂಟಿಂದ ಆಗಲ್ಲ.

ನಮ್ಮ ಪರಿಚಯದ ಹುಡುಗ ಒಬ್ಬನಿಗೆ ಡೆಂಗಿ ಬಂದು ಠಾಣೆಲಿ ಅಡ್ಮಿಟ್ ಆಗಿದ್ದ. ಪ್ಲೇಟ್‌ಲೆಟ್ ಬೇಕು ಅಂತ ಗ್ರೂಪಲ್ಲಿ ಹಾಕಿದ್ದೇ ತಡ, ಅವನ ಮುಖನೂ ನೋಡದೇ ಇದ್ದೋರು ರಿಕ್ಷಾ ಮಾಡ್ಕೊಂಡು ಬಂದು ಕೊಟ್ರು. ಇಷ್ಟು ಬೇಗ ಯಾವ ಸಂಘದಿಂದಲೂ ಆಗ್ತಿರ್ಲಿಲ್ಲ. ರಾತ್ರಿ ಹಾಸಿಗೆ ಪಕ್ಕ ಸರದಿ ಮೇಲೆ ಕೂತು, ಅವನಮ್ಮ ಊರಿಂದ ಬರೋ ತನಕ ಗಂಜಿ ತಂದುಕೊಟ್ಟೋರು ಮಾತ್ರ ಅವನು ನಾಟಕದ ರಿಹರ್ಸಲ್‌ಗೆ ಹೋಗ್ತಿದ್ದ ಕಡೆಯವ್ರು. ಎರಡೂ ಬೇಕು ನೋಡಿ, ಒಂದು ಇದ್ರೆ ಸಾಕು ಅನ್ಕೋಬೇಡಿ.

ಹೋಗೋದು ಹೇಗೆ ಅಂದ್ರೆ, ಮೈಸೂರು ಅಸೋಸಿಯೇಷನ್ ಮಾಟುಂಗ ಈಸ್ಟ್‌ನ ಭಾವುದಾಜಿ ರೋಡಲ್ಲಿದೆ, ಸೆಂಟ್ರಲ್ ಲೈನ್‌ನ ಮಾಟುಂಗ ಸ್ಟೇಷನ್ನಲ್ಲಿ ಇಳೀಬೇಕು. ಕರ್ನಾಟಕ ಸಂಘದ ವಿಶ್ವೇಶ್ವರಯ್ಯ ಸ್ಮಾರಕ ಮಂದಿರ ಮಾಹಿಮ್‌ನ ಮೊಗಲ್ ಲೇನಲ್ಲಿ, ಅದಕ್ಕೆ ವೆಸ್ಟರ್ನ್ ಲೈನ್‌ನ ಮಾಟುಂಗ ರೋಡ್ ಹತ್ರ ಆಗುತ್ತೆ. ಭಾನುವಾರ ಆದ್ರೆ ಮೆಗಾ ಬ್ಲಾಕ್ (ಹಳಿ ರಿಪೇರಿಗೆ ಟ್ರೈನ್ ನಿಲ್ಲಿಸೋದು) ನೋಡ್ಕೊಂಡು ಹೊರಡಿ. ಮಳೆಗಾಲದಲ್ಲಿ ಊರಿನ ಯಕ್ಷಗಾನ ಮೇಳಗಳ ತಿರುಗಾಟ ಇರಲ್ವಲ್ಲ, ಆಗ ಕಲಾವಿದ್ರು ಇಲ್ಲಿಗೆ ಬರ್ತಾರೆ, ಯಕ್ಷಗಾನದ ರುಚಿ ಇದ್ರೆ ಆ ಸಮಯ ಬಿಡಬೇಡಿ. ಹೋದ್ಮೇಲೆ ಕೊನೇ ಸಾಲಲ್ಲಿ ಮೊಬೈಲ್ ನೋಡ್ತಾ ಕೂತು ಎದ್ದು ಬರಬೇಡಿ, ಬಾಗಿಲ ಹತ್ರ ನಿಂತಿರೋ ಹಿರಿಯರಿಗೆ ನಮಸ್ಕಾರ ಹೇಳಿ ನಂಬರ್ ಕೊಡಿ, ಕುರ್ಚಿ ಜೋಡಿಸೋಕೆ ಕೈ ಹಾಕಿ. ಊರು ಯಾವುದು, ಯಾರ ಪೈಕಿ ಅಂತ ಕೇಳ್ತಾರೆ. ಜಾತಿ ಹೇಳೋಕೆ ಇಷ್ಟ ಇಲ್ಲಾಂದ್ರೆ ಊರು ಹೇಳಿ ನಿಲ್ಲಿಸಿ, ಯಾರೂ ಕೋಪ ಮಾಡ್ಕೊಳ್ಳಲ್ಲ. ಕುರ್ಲಾದ ಬಂಟರ ಭವನ, ಸಾಂತಾಕ್ರೂಜ್‌ನ ಬಿಲ್ಲವ ಭವನ ಹೆಸರಿಗೆ ಒಂದೊಂದು ಸಮಾಜದ್ದಾದ್ರೂ ಅಲ್ಲಿ ನಾಟಕ ಇದ್ರೆ ಸಂಕೋಚ ಇಲ್ದೆ ಹೋಗಿ.

ಇನ್ನೊಂದು ನನ್ನನ್ನ ತುಂಬ ಕಾಡೋ ವಿಷಯ. ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಬಂದು ಬಿಲ್ಡಿಂಗ್ ಕೆಲಸ ಮಾಡೋ ಎಷ್ಟೋ ಕುಟುಂಬಗಳು ಈ ಊರಲ್ಲಿವೆ, ಬೆಳಿಗ್ಗೆ ನಾಕಾದಲ್ಲಿ (ಕೂಲಿ ಕೆಲಸಕ್ಕೆ ಕಾಯೋ ಸರ್ಕಲ್‌ನಲ್ಲಿ) ನಿಂತು ಕನ್ನಡದಲ್ಲೇ ಮಾತಾಡ್ತಿರ್ತಾರೆ, ಆದ್ರೆ ನಮ್ಮ ಹಳೇ ಸಭಾಂಗಣಗಳಲ್ಲೂ ಅವರು ಕಾಣಲ್ಲ, ಈಗಿನ ಗ್ರೂಪಲ್ಲೂ ಇಲ್ಲ. ಕರೆಯೋ ಕೆಲಸ ನಾವು ಮಾಡಿಲ್ಲ, ಅದು ಸರಿಯಲ್ಲ. ಮುಂಬೈ ಮಹಾನಗರಪಾಲಿಕೆಯ ಕನ್ನಡ ಮಾಧ್ಯಮ ಶಾಲೆಗಳಿವೆ, ನಿಮ್ಮ ಏರಿಯಾದಲ್ಲಿ ಒಂದಿದ್ರೆ ಬಿಡುವಿರೋ ದಿನ ನೇರ ಹೋಗಿ ಹೆಡ್‌ಮಾಸ್ತರ ಹತ್ರ ಮಾತಾಡಿ, ಮಕ್ಕಳಿಗೆ ಗಣಿತನೋ ಇಂಗ್ಲಿಷೋ ಹೇಳ್ಕೊಡ್ಲಾ ಅಂತ ಕೇಳಿ. ಒಬ್ಬರೇ ಹೋಗೋಕೆ ಹಿಂಜರಿಕೆ ಆದ್ರೆ ಗ್ರೂಪಲ್ಲಿ ಹಾಕಿ, ಜೊತೆಗೆ ಬರೋರು ಖಂಡಿತ ಸಿಗ್ತಾರೆ.