ಸ್ಲಾಟ್ ಮಷಿನ್ ಮುಂದೆ ಕೂರುವ ಮೊದಲು ಈ ಲೆಕ್ಕ ಮಾಡಿ

ಗೋವಾಕ್ಕೆ ಹೋದ ನಮ್ಮವರಲ್ಲಿ ಎಷ್ಟೋ ಜನರಿಗೆ ಮಾಂಡವಿ ನದಿಯ ಕ್ಯಾಸಿನೊ ಹಡಗು ಕಂಡರೆ ಒಮ್ಮೆ ಒಳಗೆ ಹೋಗಿ ಬರುವ ಆಸೆ. ಇಸ್ಪೀಟಿನ ಟೇಬಲ್ ಹತ್ತಿರ ಹೋಗಲು ಅಳುಕು. ಸ್ಲಾಟ್ ಮಷಿನ್‌ಗೆ ಆಟವೇ ಗೊತ್ತಿರಬೇಕಿಲ್ಲ, ಬಟನ್ ಒತ್ತಿದರೆ ಆಯಿತು. ಹೊಸಬರು ದುಡ್ಡು ಕಳೆದುಕೊಳ್ಳಲು ಇಷ್ಟು ಸಲೀಸು ಸಾಕು. ಹಾಗಾಗಿ ಒಳಗೆ ಏನು ನಡೆಯುತ್ತದೆ ಅನ್ನುವುದನ್ನು ಮೊದಲು ತಿಳಿದುಕೊಳ್ಳಿ.

ಹಳೇ ಮಷಿನ್‌ನಲ್ಲಿ ಹಿಡಿ ಎಳೆದರೆ ಚಿತ್ರಗಳಿರುವ ಗಾಲಿಗಳು (ರೀಲ್) ನಿಜಕ್ಕೂ ತಿರುಗಿ, ನಿಂತ ಕಡೆ ಫಲಿತಾಂಶ. ಈಗ ಒಳಗೊಂದು ಚಿಪ್ ಇದೆ. ಯಾರೂ ಆಡದಿದ್ದಾಗಲೂ ಅದು ಎಡೆಬಿಡದೆ ಅಂಕಿಗಳನ್ನು ಹುಟ್ಟಿಸುತ್ತಿರುತ್ತದೆ. ನೀವು ಬಟನ್ ಒತ್ತಿದ ಕ್ಷಣದ ಅಂಕಿಯೇ ತೀರ್ಮಾನ. ರೀಲ್ ತಿರುಗುವುದು ಆ ತೀರ್ಮಾನವನ್ನು ತೋರಿಸಲು ಮಾತ್ರ.

ಇಂಗೆ ಟೆಲ್ನೆಸ್ ಎಂಬುವವರು 1984ರಲ್ಲಿ ಅಮೆರಿಕದಲ್ಲಿ ಪಡೆದ ಪೇಟೆಂಟ್ ಈ ಆಟದ ಲೆಕ್ಕವನ್ನೇ ಬದಲಿಸಿತು. ಒಂದು ರೀಲ್‌ನಲ್ಲಿ ಕಣ್ಣಿಗೆ ಕಾಣುವ 22 ಜಾಗ ಇವೆ ಅಂದುಕೊಳ್ಳಿ. ಮೂರು ರೀಲ್‌ಗೆ 22×22×22, ಅಂದರೆ 10,648 ಜೋಡಣೆ. ಜಾಕ್‌ಪಾಟ್, ಅಂದರೆ ಎಲ್ಲಕ್ಕಿಂತ ದೊಡ್ಡ ಬಹುಮಾನ, ಅದರಲ್ಲಿ ಒಂದು ಅಂತ ನಮಗೆ ಅನಿಸುತ್ತದೆ. ಆದರೆ ಚಿಪ್ ಒಳಗಿನ ಲೆಕ್ಕದ ರೀಲ್‌ಗೆ 64 ಅಂಕಿ ಇಟ್ಟು, ಜಾಕ್‌ಪಾಟ್ ಚಿತ್ರಕ್ಕೆ ಒಂದೇ ಕೊಟ್ಟರೆ? 2,62,144ರಲ್ಲಿ ಒಂದು! ಮಿಕ್ಕ ಅಂಕಿಗಳಲ್ಲಿ ಜಾಸ್ತಿ ಪಾಲನ್ನು ಜಾಕ್‌ಪಾಟ್‌ನ ಅಕ್ಕಪಕ್ಕದ ಖಾಲಿ ಜಾಗಕ್ಕೆ ಕೊಡಬಹುದು. ಆಗ ಜಾಕ್‌ಪಾಟ್ ಚಿತ್ರ ಗೆಲುವು ನಿರ್ಧರಿಸುವ ಗೆರೆಗಿಂತ ಸ್ವಲ್ಪ ಮೇಲೋ ಕೆಳಗೋ ಪದೇ ಪದೇ ನಿಲ್ಲುತ್ತದೆ. ‘ಛೇ, ಸ್ವಲ್ಪದರಲ್ಲಿ ತಪ್ಪಿತು’ ಅಂತ ಇನ್ನೊಮ್ಮೆ ಒತ್ತುತ್ತೇವೆ. ನಿಜವಾಗಿ ಅದು ಹತ್ತಿರಕ್ಕೇನೂ ಬಂದಿರಲಿಲ್ಲ. ನನಗೆ ತುಂಬಾ ಬೇಸರ ತರಿಸುವ ಸಂಗತಿ ಇದು.

ಈಗ ನಿಮ್ಮ ದುಡ್ಡಿನ ಲೆಕ್ಕ. ಹಾಕಿದ ಪಣದಲ್ಲಿ ಮಷಿನ್ ಎಷ್ಟು ಪಾಲು ಹಿಂದಿರುಗಿಸುತ್ತದೆ ಅನ್ನುವುದು ಮೊದಲೇ ನಿಗದಿಯಾಗಿರುತ್ತದೆ. ಅಮೆರಿಕದ ನೆವಾಡಾದಲ್ಲಿ ಇದು ಶೇ 75ಕ್ಕಿಂತ ಕಡಿಮೆ ಇರುವಂತಿಲ್ಲ. ಶೇ 90 ಅಂತ ಹಿಡಿಯೋಣ. ಒಂದು ಸ್ಪಿನ್‌ಗೆ, ಅಂದರೆ ಒಮ್ಮೆ ಬಟನ್ ಒತ್ತಿದ್ದಕ್ಕೆ, 20 ರೂಪಾಯಿ, ಗಂಟೆಗೆ 600 ಸ್ಪಿನ್. ನಿಮ್ಮ ಕೈಯಲ್ಲಿ 2,000 ಇದ್ದರೂ, ಗೆದ್ದದ್ದನ್ನೇ ಮತ್ತೆ ಮತ್ತೆ ಹಾಕುವುದರಿಂದ 12,000 ರೂಪಾಯಿಯ ಆಟ ಆಗಿರುತ್ತದೆ. ಅದರ ಶೇ 10, ಅಂದರೆ ಸರಾಸರಿ 1,200 ರೂಪಾಯಿ ಹೋಯಿತು. ನಿಧಾನವಾಗಿ 300 ಸ್ಪಿನ್ ಆಡಿದರೆ 600. ನಿಮ್ಮ ಕೈಯಲ್ಲಿರುವುದು ಪಣದ ಮೊತ್ತ, ವೇಗ, ಸಮಯ, ಇಷ್ಟೇ.

ಹಾಗಾಗಿ ಹೋಗುವ ಮೊದಲೇ ಒಂದು ಮೊತ್ತ ಗೊತ್ತು ಮಾಡಿ, ಸಿನಿಮಾ ಟಿಕೆಟ್‌ನಂತೆ ಖರ್ಚಾಯಿತು ಅಂತಲೇ ಬರೆದಿಡಿ. ಎಟಿಎಂ ಕಾರ್ಡ್ ರೂಮಿನಲ್ಲೇ ಬಿಟ್ಟುಬನ್ನಿ. ಸಾಲದ ದುಡ್ಡು, ಮಕ್ಕಳ ಫೀಸಿನ ದುಡ್ಡು ಮುಟ್ಟಲೇಬೇಡಿ. ಕೂತ ಮೇಲೆ ಒಂದು ಸ್ಪಿನ್‌ಗೆ ಒಟ್ಟು ಎಷ್ಟು ಕಟ್ ಆಗುತ್ತದೆ ನೋಡಿ. ಗೆರೆಗೆ 1 ರೂಪಾಯಿ ಅಂತಿದ್ದರೂ 20 ಗೆರೆ ಇದ್ದರೆ 20 ರೂಪಾಯಿ. 8 ರೂಪಾಯಿ ಬಂದಾಗಲೂ ದೀಪ, ಸಂಗೀತ ಎಲ್ಲ ಶುರುವಾಗುತ್ತದೆ. ಆದರೆ ನಿಮ್ಮ 12 ರೂಪಾಯಿ ಹೋಗಿದೆ. ಸದ್ದಿನ ಕಡೆ ಗಮನ ಬೇಡ, ಉಳಿದ ಮೊತ್ತ ನೋಡಿ.

‘ಬಹಳ ಹೊತ್ತಿನಿಂದ ಕೊಟ್ಟಿಲ್ಲ, ಇನ್ನೇನು ಕೊಡುತ್ತೆ’ ಎಂಬ ಮಾತು ಪಕ್ಕದವರಿಂದ ಖಂಡಿತ ಕೇಳುತ್ತೀರಿ. ನಂಬಬೇಡಿ. ಹಿಂದಿನ ಸ್ಪಿನ್‌ಗೂ ಮುಂದಿನದಕ್ಕೂ ಸಂಬಂಧವಿಲ್ಲ. ಮೊಬೈಲ್‌ನಲ್ಲಿ ಅಲಾರಂ ಇಟ್ಟುಕೊಳ್ಳಿ, ಹೊಡೆದಾಗ ಏಳಿ.

ಇಷ್ಟೆಲ್ಲ ಹೇಳಿದ್ದು ಪರವಾನಗಿ ಇರುವ ಕ್ಯಾಸಿನೊಗಳ ಬಗ್ಗೆ. ಕರ್ನಾಟಕದಲ್ಲಿ ಅವುಗಳಿಗೆ ಅನುಮತಿ ಇಲ್ಲ. ಫೋನಿನಲ್ಲಿ ದುಡ್ಡು ಕಟ್ಟಿ ಆಡುವ ಸ್ಲಾಟ್‌ಗಳನ್ನು ಕೇಂದ್ರದ 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ನಿಷೇಧಿಸಿದೆ. ಲಿಂಕ್ ಬಂದರೆ ಅಳಿಸಿಬಿಡಿ.

ಸೋತದ್ದನ್ನು ವಾಪಸ್ ಪಡೆಯಲು ಮತ್ತೆ ಆಡುತ್ತಿದ್ದರೆ, ಮನೆಯವರಿಗೆ ಸುಳ್ಳು ಹೇಳುತ್ತಿದ್ದರೆ, ಅದನ್ನು ಒಬ್ಬರೇ ಹೊತ್ತುಕೊಳ್ಳಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಟಗಳ ಚಿಕಿತ್ಸೆಗೆ ಪ್ರತ್ಯೇಕ ವಿಭಾಗವಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.