ಕಡತಕ್ಕೆ ಬಾರದ ಬಣ್ಣ

ಬೆಳಗ್ಗೆ ಏಳೂವರೆಗೆ ಅಮೆರಿಕದ ಜಾರ್ಜಿಯಾ ರಾಜ್ಯದ ಒಂದು ಕೋರ್ಟಿನ ಎದುರು ನಿಂತು ಅಳತೆಯ ಟೇಪು ಬಿಚ್ಚಿದೆ. ಜ್ಯೂರಿ ಸದಸ್ಯರು ಒಳಹೋಗುವ ಬಾಗಿಲಿನಿಂದ ಕಲ್ಲಿನ ಸೈನಿಕನ ಪೀಠಕ್ಕೆ ಹದಿನೇಳು ಅಡಿ. ಪೀಠದ ಮೇಲೆ 1909 ಎಂದು ಕೊರೆದಿತ್ತು. ಗುಲಾಮಗಿರಿಯನ್ನು ಉಳಿಸಿಕೊಳ್ಳಲು ದೇಶದಿಂದಲೇ ಬೇರೆಯಾಗಿ ಕಾದಾಡಿದ ಕಾನ್ಫೆಡರೇಟ್ ಸೇನೆಯ ನೆನಪಿಗೆ ನಿಲ್ಲಿಸಿದ ಪ್ರತಿಮೆ ಅದು. ಯುದ್ಧ ಮುಗಿದದ್ದು 1865ರಲ್ಲಿ. ಪ್ರತಿಮೆ ಬಂದದ್ದು, 1908ರಲ್ಲಿ ಜಾರ್ಜಿಯಾ ತನ್ನ ಸಂವಿಧಾನವನ್ನು ತಿದ್ದಿ ಕಪ್ಪು ಜನರ ಮತದ ಹಕ್ಕನ್ನು ಕಸಿದುಕೊಂಡ ಮರುವರ್ಷ. ಆ ಎರಡು ಇಸವಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದ ಯಾರೂ ಅದು ಬರೀ ಸತ್ತವರ ಸ್ಮಾರಕ ಎಂದು ಹೇಳಲಾರರು.

ನಾನು ತಿಪಟೂರಿನವಳು. ಅಪ್ಪ ಮುನ್ಸೀಫ್ ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದರು. "ಕಡತದಲ್ಲಿ ಇಲ್ಲದ್ದು ಕೋರ್ಟಿನ ಮಟ್ಟಿಗೆ ನಡೆದೇ ಇಲ್ಲಮ್ಮ" ಎನ್ನುತ್ತಿದ್ದರು. ಜಾರ್ಜಿಯಾದಲ್ಲಿ ಬಡ ಆರೋಪಿಗಳ ಪರ ವಾದಿಸುವ ವಕೀಲರ ಜೊತೆ ತನಿಖಾ ಸಹಾಯಕಿಯಾಗಿ ಕೆಲಸಕ್ಕೆ ಸೇರಿದ ಮೇಲೆ ಆ ಮಾತಿನ ತೂಕ ತಿಳಿಯಿತು.

ನಮ್ಮ ಕಕ್ಷಿದಾರ ಇಪ್ಪತ್ತೆರಡರ ಕಪ್ಪು ಹುಡುಗ, ಆರೋಪ ದರೋಡೆಯದು. ಪ್ರತಿ ತಾರೀಖಿಗೂ ಅವನ ಅಜ್ಜಿ ತಪ್ಪದೆ ಬರುತ್ತಿದ್ದರು. ಮುಂದಿನ ಮೆಟ್ಟಿಲು ಬಿಟ್ಟು, ಕಟ್ಟಡವನ್ನು ಪೂರ್ತಿ ಸುತ್ತಿ, ಹಿಂದಿನ ಇಳಿಜಾರಿನಿಂದ ಒಳಗೆ ಬರುತ್ತಿದ್ದರು. ಮಂಡಿನೋವಿರಬೇಕು ಎಂದುಕೊಂಡಿದ್ದೆ. ಒಂದು ದಿನ ಕೇಳಿಯೇಬಿಟ್ಟೆ.

"ಮಂಡಿ ಚೆನ್ನಾಗಿಯೇ ಇದೆ ಮಗಳೇ. ಆ ಸೈನಿಕನ ಕಾಲಡಿಯಲ್ಲಿ ಹಾದು ನ್ಯಾಯ ಕೇಳಲು ಹೋಗಬೇಡ ಎಂದು ನನ್ನ ತಾಯಿ ಹೇಳಿದ್ದಳು" ಎಂದರು.

ಆ ಪ್ರತಿಮೆಯ ಎದುರು ಹಾದು ಬರುವ ಜ್ಯೂರಿಯಿಂದ ನ್ಯಾಯ ಸಿಗುವುದು ಕಷ್ಟ ಎಂದು ಅರ್ಜಿ ಹಾಕಲು ಆ ಮಾತನ್ನು ಅಫಿಡವಿಟ್ ಮಾಡಿಸಿದೆವು. ಜೊತೆಗೆ ನನ್ನ ಅಳತೆ, ಹನ್ನೆರಡು ಫೋಟೋ, ಪೀಠದ ಮೇಲಿನ ಬರಹದ ನಕಲು. ಫೋಟೋ ತೆಗೆದದ್ದು ಬೆಳಗ್ಗೆ ಎಂಟಕ್ಕೆ, ಜ್ಯೂರಿಗೆ ಕರೆ ಬಂದವರು ಒಳಹೋಗುವ ಹೊತ್ತಿಗೇ. ಆಗ ಅವರ ಕಣ್ಣಿಗೆ ಏನು ಬೀಳುತ್ತದೆಯೋ ಅದೇ ಕಡತಕ್ಕೂ ಹೋಗಬೇಕು.

ಇದಕ್ಕೆ ಬಲ ಸಿಕ್ಕಿದ್ದು ಪಕ್ಕದ ಟೆನೆಸಿಯಿಂದ. ಅಲ್ಲಿನ ಪುಲಾಸ್ಕಿ, ಕಪ್ಪು ಜನರ ಮೇಲೆ ಹಿಂಸೆ ನಡೆಸಿದ ಬಿಳಿಯರ ಗುಪ್ತ ಸಂಘಟನೆ ಕು ಕ್ಲಕ್ಸ್ ಕ್ಲಾನ್ ಹುಟ್ಟಿದ ಊರು. ಅಲ್ಲಿನ ಕೋರ್ಟಿನಲ್ಲಿ ಬರೀ ಬಿಳಿಯರಿದ್ದ ಜ್ಯೂರಿ ಕಪ್ಪು ವ್ಯಕ್ತಿಯೊಬ್ಬನ ಭವಿಷ್ಯವನ್ನು ತೀರ್ಮಾನಿಸಲು ಕುಳಿತದ್ದು ಕಾನ್ಫೆಡರೇಟ್ ಬಾವುಟ ಮತ್ತು ಆ ಕಡೆಯ ಅಧ್ಯಕ್ಷನಾಗಿದ್ದ ಜೆಫರ್ಸನ್ ಡೇವಿಸ್‌ನ ಚಿತ್ರ ತೂಗುಹಾಕಿದ್ದ ಕೋಣೆಯಲ್ಲಿ. 2021ರ ಡಿಸೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯ ಅವನಿಗೆ ಹೊಸ ವಿಚಾರಣೆ ಕೊಟ್ಟಿತು. ಆ ತೀರ್ಪು ಜಾರ್ಜಿಯಾವನ್ನು ಕಟ್ಟಿಹಾಕುವುದಿಲ್ಲ, ಆದರೂ ನಮ್ಮ ಅರ್ಜಿಯ ಮೊದಲ ಪುಟದಲ್ಲೇ ಅದನ್ನು ಇಟ್ಟೆವು. ಜಾರ್ಜಿಯಾದ್ದೇ ಊರಾದ ಡಿಕೇಟರ್‌ನಲ್ಲಿ ಹಳೆಯ ಕೋರ್ಟಿನ ಎದುರು 1908ರಿಂದ ನಿಂತಿದ್ದ ಕಾನ್ಫೆಡರೇಟ್ ಸ್ಮಾರಕದ ಕಂಬವನ್ನು ನ್ಯಾಯಾಧೀಶರು ಸಾರ್ವಜನಿಕ ಉಪದ್ರವವೆಂದು ಘೋಷಿಸಿದ್ದರು. 2020ರ ಜೂನ್ 18ರ ರಾತ್ರಿ ಅದನ್ನು ಕ್ರೇನಿನಿಂದ ಇಳಿಸಿದ್ದನ್ನೂ ಸೇರಿಸಿದೆವು. (ಅದೇ ಜಾಗದಲ್ಲಿ 2024ರಿಂದ ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡಿದ ಜಾನ್ ಲೂಯಿಸ್ ಅವರ ಪ್ರತಿಮೆ ಇದೆ. ಹೋದವರು ನೋಡಿ ಬನ್ನಿ.)

ಪ್ರತಿಮೆಯನ್ನು ಕೆಡವಿ ಎಂದು ನಾವು ಕೇಳಲಿಲ್ಲ. ಸ್ಮಾರಕಗಳನ್ನು ಕಾಪಾಡುವ ರಾಜ್ಯದ ಕಾನೂನು 2019ರಲ್ಲಿ ಇನ್ನಷ್ಟು ಬಿಗಿಯಾಗಿತ್ತು. ವಿಚಾರಣೆ ಮುಗಿಯುವವರೆಗೆ ಜ್ಯೂರಿಯನ್ನು ಬೇರೆ ಬಾಗಿಲಿನಿಂದ ಕರೆತನ್ನಿ ಎಂದಷ್ಟೇ ಕೇಳಿದೆವು. ಪ್ರತಿಮೆ ಇರುವುದು ಹೊರಗೆ, ಜ್ಯೂರಿ ಕೋಣೆಯಲ್ಲಲ್ಲ ಎಂದು ಅರ್ಜಿ ತಿರಸ್ಕೃತವಾಯಿತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆದರೆ ಹದಿನೇಳು ಅಡಿ ಕಡತ ಸೇರಿಯಾಗಿತ್ತು.

ಇನ್ನು ಜ್ಯೂರಿಯ ಆಯ್ಕೆ. ನಿಜವಾದ ಹೋರಾಟ ಇರುವುದೇ ಇಲ್ಲಿ. ಭಾರತದಲ್ಲಿ ಜ್ಯೂರಿ ಹೋಗಿ ದಶಕಗಳೇ ಆದವು, ಹಾಗಾಗಿ ಸ್ವಲ್ಪ ವಿವರಿಸಬೇಕು. ಆರೋಪಿ ತಪ್ಪಿತಸ್ಥನೋ ಅಲ್ಲವೋ ಎಂದು ತೀರ್ಮಾನಿಸಲು, ಊರಿನಿಂದ ಕರೆಸಿದ ಹತ್ತಾರು ಜನರಲ್ಲಿ ಹನ್ನೆರಡು ಮಂದಿಯನ್ನು ಆರಿಸುತ್ತಾರೆ. ಮರಣದಂಡನೆಯಿಲ್ಲದ ಗಂಭೀರ ಪ್ರಕರಣದಲ್ಲಿ ಎರಡೂ ಕಡೆಯವರು ಒಂಬತ್ತೊಂಬತ್ತು ಜನರನ್ನು ಕಾರಣ ಹೇಳದೆಯೇ ಬೇಡವೆನ್ನಬಹುದು. ಗುಮಾಸ್ತರು ಹೆಸರಿನ ಪಟ್ಟಿಯನ್ನು ಈ ಮೇಜಿನಿಂದ ಆ ಮೇಜಿಗೆ ಒಯ್ಯುತ್ತಾರೆ. ಪೆನ್ನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಜನಾಂಗದ ಕಾರಣಕ್ಕೆ ಯಾರನ್ನೂ ಪಟ್ಟಿಯಿಂದ ಹೊಡೆದುಹಾಕುವಂತಿಲ್ಲ ಎಂದು 1986ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಬ್ಯಾಟ್ಸನ್ ಪ್ರಕರಣದಲ್ಲಿ ಹೇಳಿದೆ. ಆದರೆ ನಿಜವಾದ ಕಾರಣವನ್ನು ಯಾರು ಬಾಯಿಬಿಟ್ಟು ಹೇಳುತ್ತಾರೆ? ಜಾರ್ಜಿಯಾದ ಟಿಮೊಥಿ ಫಾಸ್ಟರ್ ಪ್ರಕರಣದಲ್ಲಿ ಪ್ರಾಸಿಕ್ಯೂಟರ್‌ಗಳು ಕಪ್ಪು ಜನರ ಹೆಸರುಗಳಿಗೆ ಹಸಿರು ಬಣ್ಣ ಬಳಿದಿದ್ದರು. ವಿಚಾರಣೆ ನಡೆದದ್ದು 1987ರಲ್ಲಿ, ಆ ಕಾಗದಗಳು ಹೊರಬಂದದ್ದು 2006ರಲ್ಲಿ, ಸುಪ್ರೀಂ ಕೋರ್ಟ್ ಆ ಶಿಕ್ಷೆಯನ್ನು ರದ್ದು ಮಾಡಿದ್ದು 2016ರಲ್ಲಿ. ಅಷ್ಟೂ ವರ್ಷ ಅವನು ಸೆರೆಯಲ್ಲಿದ್ದ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೊಂದು ತಪ್ಪು ಮಾಡಿದ್ದೆ. ಯಾರು ಕಪ್ಪು, ಯಾರು ಬಿಳಿ ಎಂಬುದು ನನ್ನ ಪುಸ್ತಕದಲ್ಲಿತ್ತು, ಆದರೆ ಕೋರ್ಟಿನಲ್ಲಿ ಅದನ್ನು ಗಟ್ಟಿಯಾಗಿ ಹೇಳಬೇಕೆಂದು ನಮ್ಮ ವಕೀಲರಿಗೆ ನೆನಪಿಸಲಿಲ್ಲ. ಮೇಲಿನ ಕೋರ್ಟಿಗೆ ಹೋದ ದಾಖಲೆಯಲ್ಲಿ ಜ್ಯೂರಿಗೆ ಕರೆ ಬಂದವರ ಬರೀ ಸಂಖ್ಯೆಗಳಿದ್ದವು. ಹೇಳಿಕೆಗಳ ಪ್ರತಿಗೆ ಬಣ್ಣವಿರುವುದಿಲ್ಲ. ಅಂದಿನಿಂದ ಪ್ರತಿ ಸಂಖ್ಯೆಯ ಮುಂದೆ ಜನಾಂಗವನ್ನು ಬಾಯಿಬಿಟ್ಟು ಹೇಳಿಸಿ ದಾಖಲೆ ಮಾಡಿಸುತ್ತೇನೆ.

ನನ್ನ ಹಾಳೆಯಲ್ಲಿ ಐದು ಕಲಮುಗಳು: ಸಂಖ್ಯೆ, ಜನಾಂಗ, ಪ್ರಾಸಿಕ್ಯೂಟರ್ ಕೇಳಿದ ಪ್ರಶ್ನೆಗಳ ಎಣಿಕೆ, ಉತ್ತರ, ಕೊನೆಗೆ ಏನಾಯಿತು. ಎಣಿಕೆಯ ಕಲಮನ್ನು ಕಲಿತದ್ದು ಮಿಸಿಸಿಪ್ಪಿಯ ಕರ್ಟಿಸ್ ಫ್ಲವರ್ಸ್ ಪ್ರಕರಣದಿಂದ. ಅವನ ಆರನೆಯ ವಿಚಾರಣೆಯಲ್ಲಿ ಹೊಡೆದುಹಾಕಿದ ಐವರು ಕಪ್ಪು ಜನರಿಗೆ ಒಟ್ಟು 145 ಪ್ರಶ್ನೆ ಕೇಳಿದ್ದರು. ಜ್ಯೂರಿಯಲ್ಲಿ ಕುಳಿತ ಹನ್ನೊಂದು ಬಿಳಿಯರಿಗೆ 12. 2019ರಲ್ಲಿ ಸುಪ್ರೀಂ ಕೋರ್ಟ್ ಆ ಶಿಕ್ಷೆಯನ್ನು ರದ್ದು ಮಾಡಿತು.

ನಮ್ಮ ಹುಡುಗನ ಜ್ಯೂರಿಯನ್ನು ಆರಿಸಿದ ದಿನ ಪ್ರಾಸಿಕ್ಯೂಟರ್ ಎಂಟು ಜನರನ್ನು ಪಟ್ಟಿಯಿಂದ ಹೊಡೆದುಹಾಕಿದರು. ಅವರಲ್ಲಿ ಆರು ಮಂದಿ ಕಪ್ಪು ಜನ. ನಮ್ಮ ವಕೀಲರು ಎದ್ದು ಆಕ್ಷೇಪಿಸಿದಾಗ ಒಬ್ಬೊಬ್ಬರಿಗೂ ಒಂದೊಂದು ಕಾರಣ ಬಂತು. 23ನೆಯವರು ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವ ಕಪ್ಪು ಮಹಿಳೆ. ಅವರ ಅಕ್ಕನ ಮಗ ಒಮ್ಮೆ ಬಂಧನಕ್ಕೊಳಗಾಗಿದ್ದ, ಅದಕ್ಕೇ ಬೇಡ ಎಂದರು. ನನ್ನ ಬೆರಳು ಹಾಳೆಯ ಮೇಲೆ ಇಳಿದು 31ರ ಮೇಲೆ ನಿಂತಿತು. ಬಿಳಿಯ ಗಂಡಸು, ತಮ್ಮ ಜೈಲಿಗೆ ಹೋಗಿ ಬಂದಿದ್ದ, ಅವರನ್ನು ಮುಟ್ಟಿರಲಿಲ್ಲ. 23ನೆಯವರ ಎಣಿಕೆಯ ಕಲಮಿನಲ್ಲಿ ಸೊನ್ನೆ. ಅಕ್ಕನ ಮಗನ ಬಗ್ಗೆ ಪ್ರಾಸಿಕ್ಯೂಟರ್ ಒಂದು ಮಾತೂ ಕೇಳಿರಲಿಲ್ಲ. ಹಾಳೆಯನ್ನು ವಕೀಲರತ್ತ ಸರಿಸಿದೆ.

ನ್ಯಾಯಾಧೀಶರು ಎರಡೂ ಉತ್ತರಗಳನ್ನು ಓದಿಸಿ ಕೇಳಿದರು. ಐವರ ವಿಷಯದಲ್ಲಿ ಪ್ರಾಸಿಕ್ಯೂಟರ್ ಹೇಳಿದ್ದನ್ನೇ ಒಪ್ಪಿದರು. 23ರ ಕಾರಣವನ್ನು ಒಪ್ಪಲಿಲ್ಲ. ಮಧ್ಯಾಹ್ನ ಆಕೆ ಕೈಚೀಲ ಎದೆಗವಚಿಕೊಂಡು ಬಂದು ನಾಲ್ಕನೆಯ ಕುರ್ಚಿಯಲ್ಲಿ ಕುಳಿತರು. ಅಜ್ಜಿ ಹಿಂದಿನ ಸಾಲಿನಿಂದ ಜ್ಯೂರಿಯ ಕುರ್ಚಿಗಳನ್ನು ಒಂದೊಂದಾಗಿ ಎಣಿಸುತ್ತಿದ್ದರು.

ಹುಡುಗನಿಗೆ ಶಿಕ್ಷೆಯಾಯಿತು. ಮೇಲ್ಮನವಿ ಹಾಕಿದ್ದೇವೆ. ಉಳಿದ ಐವರ ಸಂಖ್ಯೆ, ಅವರ ಜನಾಂಗ, ಅವರಿಗೆ ಹೇಳಿದ ಕಾರಣ, ಅಜ್ಜಿಯ ಅಫಿಡವಿಟ್, ಹನ್ನೆರಡು ಫೋಟೋ, ಎಲ್ಲವೂ ಆ ಕಡತದಲ್ಲಿವೆ.